ಶೇಖನ ತುತ್ತು

ಆಲ್ಜೀರ್ಸಿನ ಹಳೇ ಪೇಟೆ ಕಸಬಾದಲ್ಲಿ ಹಾಸಿಗೆಯ ಉಣ್ಣೆ ಬಡಿಯುವ ಮೊಕ್ರಾನನನ್ನು ಯಾರಾದರೂ, "ನೀನು ಬ್ಯಾಂಜೊ ಬಾರಿಸ್ತಿದ್ಯಂತೆ, ಹೌದಾ?" ಎಂದು ಕೇಳಿದರೆ, "ಯಾರು ಹೇಳಿದ್ದು? ನಾನು ಉಣ್ಣೆ ಬಡಿಯೋನು" ಎಂದು ಕೋಲನ್ನು ಇನ್ನೂ ಜೋರಾಗಿ ಬೀಸುತ್ತಾನೆ. ಹಸಿ ಸುಳ್ಳು. ಬಾರಿಸುತ್ತಿದ್ದ. ಚೆನ್ನಾಗಿಯೇ ಬಾರಿಸುತ್ತಿದ್ದ. ಕೆಟ್ಟದ್ದು ಒಂದೇ ಒಂದು ಸ್ವರದಲ್ಲಿ, ಅದೂ ತಾನಾಗಿ ಕೆಟ್ಟಿದ್ದಲ್ಲ, ಕೆಡಿಸಿದ್ದು. ನೆನೆದರೆ ಈಗಲೂ ಮೈಯುರಿಯುತ್ತದೆ.

ಮದುವೆಯಾಗಿ ಮಕ್ಕಳಾದ ಮೇಲೆ ಅವನಿಗೆ ಈ ಹುಚ್ಚು ಹತ್ತಿದ್ದು. ಆಗ ನಮ್ಮ ಓಣಿಗಳಲ್ಲೆಲ್ಲ ಹಾಡು ಅಂದರೆ ಮೇಳದ ಯಜಮಾನ ಶೇಖ್ ಅಲ್ಲಾವಾ. ಅವನು ಹಾಡಲು ಕೂತರೆ ಜಗಳಕ್ಕೆ ನಿಂತ ಅತ್ತೆ ಸೊಸೆಯರೂ ಬಾಯಿ ಮುಚ್ಚುತ್ತಿದ್ದರು. ಶೇಖ್ ಒಂದು ಸಾಲು ಹಾಡುವುದು, ಎಡಮಗ್ಗುಲಿನ ಬ್ಯಾಂಜೊ ಅದಕ್ಕೆ ಉತ್ತರ ಕೊಡುವುದು. ಸಾಯುವುದರೊಳಗೆ ಒಂದು ಸಲವಾದರೂ ಆ ಎಡಗಡೆಯ ಕುರ್ಚಿಯಲ್ಲಿ ಕೂತು ಶೇಖನಿಗೆ ಉತ್ತರ ಕೊಡಬೇಕು ಅನ್ನುವುದೊಂದೇ ಮೊಕ್ರಾನನ ಆಸೆ.

ಆ ಕುರ್ಚಿ ಕ್ಷೌರಿಕ ತಯ್ಯಬನದು. ವಯಸ್ಸಾದವನಾದ್ದರಿಂದ ಓಣಿಗೆಲ್ಲ ಅವನು "ಅಮ್ಮಿ ತಯ್ಯಬ್", ಅಂದರೆ ಚಿಕ್ಕಪ್ಪ ತಯ್ಯಬ್. ಮೊಕ್ರಾನ್ ಹೋಗಿ ತಲೆಗೆ ಮುತ್ತಿಟ್ಟು ಕೇಳಿದಾಗ ಅವನು ಧಾರಾಳವಾಗಿ ನಕ್ಕ. "ಕಲಿಸ್ತೀನಿ ಬಾರೋ. ನನಗೂ ವಯಸ್ಸಾಯ್ತು. ನಾಳೆ ಆ ಕುರ್ಚಿ ನಿಂದೇ."

ಪಾಠ ನಡೆಯುತ್ತಿದ್ದದ್ದು ಅಂಗಡಿಯಲ್ಲಿ, ಊಟದ ನಂತರ ಊರೆಲ್ಲ ತೂಕಡಿಸುವ ಹೊತ್ತಿನಲ್ಲಿ. ತಯ್ಯಬ್ ಮುರಿದ ಕೊಂಬಿನ ಬಾಚಣಿಗೆಯಿಂದ ತಂತಿ ಮೀಟಲು ಒಂದು ಚೂರು ಕತ್ತರಿಸಿ, ಉಜ್ಜಿ ನಯ ಮಾಡಿ ಕೊಟ್ಟ. ಮೊಕ್ರಾನ್ ಅದನ್ನು ಬಿಗಿಯಾಗಿ ಹಿಡಿದು ತಂತಿಗೆ ಹೊಡೆದ.

"ಅಯ್ಯೋ, ಅದು ಉಣ್ಣೆ ಅಲ್ವೋ! ಹಿಡಿದೂ ಹಿಡೀದ ಹಾಗಿರ್ಬೇಕು. ಮಣಿಕಟ್ಟು ಮಾತ್ರ ಆಡ್ಲಿ."

ಮಣಿಕಟ್ಟೇನೋ ಆಡಿತು. ದಿನವಿಡೀ ಕೋಲು ಬೀಸುವವನಿಗೆ ಅದು ಕಷ್ಟವೇ? ಬೆರಳ ತುದಿಗಳು ಒಡೆದವು, ಮತ್ತೆ ಗಟ್ಟಿಯಾದವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ತಾರಸಿಯಲ್ಲಿ ಕೂತು, ಅದೇ ಸಾಲನ್ನು ಕೈಗೆ ಹತ್ತುವ ತನಕ ತಿಕ್ಕುತ್ತಿದ್ದ. "ಮನೇಲಿ ಉಣ್ಣೆ ಧೂಳು ಸಾಲ್ದು ಅಂತ ಈಗ ಈ ಟಿಣ್ ಟಿಣ್ ಬೇರೆ! ನಿನ್ನ ಕಟ್ಕೊಂಡು ಕೆಟ್ಟೆ" ಎಂದು ಹೆಂಡತಿ ವರ್ದಿಯಾ ಬೈಯುತ್ತಿದ್ದಳು. ಬೈಯುತ್ತಲೇ ಕಾಫಿ ತಂದಿಡುತ್ತಿದ್ದಳು. ಬಾರಿಸುವಾಗ ಕೈ ತಪ್ಪಿದರೆ ಅವಳಿಗೇ ಮೊದಲು ಗೊತ್ತಾಗುತ್ತಿತ್ತು.

ತಯ್ಯಬನ ಅಂಗಡಿಯಲ್ಲಿ ಒಂದು ಮಕ್ನೀನ್ ಹಕ್ಕಿಯಿತ್ತು. ಕೆಂಪು ಮೋರೆಯ ಈ ಪುಟ್ಟ ಹಕ್ಕಿಗೆ ನಮ್ಮವರು ಪ್ರಾಣ ಬಿಡುತ್ತಾರೆ. ಕೇಳಿದ್ದನ್ನೆಲ್ಲ ಕಲಿಯುವ ಹಕ್ಕಿ ಅದು. ಗುಬ್ಬಿಯ ಚೀಂವ್ ಚೀಂವ್ ಕಲಿತರೆ ಮುಗಿಯಿತು, ಜನ್ಮಕ್ಕೆ ತಿದ್ದಲಾಗದು. ಬಾಗಿಲಿಗೆ ಗುಬ್ಬಿ ಬಂದರೂ ಸಾಕು, ತಯ್ಯಬ್ ಅರ್ಧ ಕ್ಷೌರ ಬಿಟ್ಟು ಓಡಿ ಪಂಜರಕ್ಕೆ ಟವೆಲು ಹೊದಿಸುತ್ತಿದ್ದ. ತಾನು ಬ್ಯಾಂಜೊ ಬಾರಿಸುವಾಗ ಮಾತ್ರ ಪಂಜರ ತೆರೆದೇ ಇರುತ್ತಿತ್ತು. ಹಕ್ಕಿ ಅವನ ಜೊತೆಗೇ ಹಾಡುತ್ತಿತ್ತು. ಮೊಕ್ರಾನನ ಪಾಠಕ್ಕೆ ಮುಂಚೆ ಟವೆಲು ಬೀಳುತ್ತಿತ್ತು. "ಮಧ್ಯೆ ಹಾಡಿ ನಿನ್ನ ತಾಳ ತಪ್ಪಿಸುತ್ತೆ ಕಣೋ" ಎನ್ನುತ್ತಿದ್ದ. ಗುರುವಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಮೊಕ್ರಾನ್ ಉಬ್ಬಿಹೋಗುತ್ತಿದ್ದ.

ಒಮ್ಮೆ ಒಂದು ಮದುವೆಯಲ್ಲಿ ಕಿವಿಗೊಟ್ಟು ಕೇಳಿದಾಗ ಅವನಿಗೊಂದು ಅನುಮಾನ ಬಂತು. "ಅಮ್ಮಿ, ನೀವು ಸಾಲಿನ ಕೊನೇ ಸ್ವರ ಬಾರಿಸಿದ್ದೇ ಕೇಳಿಸ್ಲಿಲ್ಲ?"

"ಆ ದರ್ಬೂಕ ಡೋಲು ಬಡಿಯೋ ಹಮ್ದಾನ್ ಇದ್ದಾನಲ್ಲ, ಅವನ ಗದ್ದಲದಲ್ಲಿ ಮುಚ್ಚಿ ಹೋಗುತ್ತೆ. ನೀನು ಕೊನೇ ಸ್ವರ ಗಟ್ಟಿಯಾಗಿ ಬಾರಿಸು. ಉತ್ತರ ಪೂರ್ತಿ ಆಗಬೇಕು."

ಹೀಗೇ ವರ್ಷಗಳು ಕಳೆದವು. ಆಮೇಲೆ ಒಂದು ದಿನ ತಯ್ಯಬನಿಗೆ ಹಲ್ಲಿನ ಬೇನೆ ಬಂದು ದವಡೆ ಬಾತುಕೊಂಡಿತು. ಮೇಲಿನ ಬೀದಿಯಲ್ಲಿ ಮಗುವಿನ ಸುನ್ನತಿಯ ಸಂಭ್ರಮ. ಶೇಖ್ ನೇರವಾಗಿ ಮೊಕ್ರಾನನಿಗೇ ಹೇಳಿಕಳಿಸಿದ: ತಯ್ಯಬನ ಶಿಷ್ಯ ಬರಲಿ. ಮೊಕ್ರಾನ್ ಗುರುವಿನ ಆಶೀರ್ವಾದಕ್ಕೆ ಓಡಿದ. ತಯ್ಯಬ್ ಬಾತ ಮೋರೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಆಗಲಾದರೂ ನಿಜ ಹೇಳಬಹುದಿತ್ತು.

"ಹೋಗಪ್ಪ, ಒಳ್ಳೇದಾಗ್ಲಿ. ನಾನು ಕಲಿಸಿದ ಹಾಗೇ ಬಾರಿಸು" ಎಂದ, ಪಾಪಿ.

ಮಧ್ಯಾಹ್ನ ಅಂಗಳ ತುಂಬ ಜನ. ವರ್ದಿಯಾ ಮೇಲಿನ ಮೊಗಸಾಲೆಯಲ್ಲಿ ಹೆಂಗಸರ ನಡುವೆ ನಿಂತು, "ನಮ್ಮೋರು" ಎಂದು ಎಲ್ಲರಿಗೂ ಬೆರಳು ಮಾಡಿ ತೋರಿಸುತ್ತಿದ್ದಳು. ಶೇಖ್ ಮೊದಲ ಸಾಲು ಹಾಡಿದ. ಮೊಕ್ರಾನ್ ಮುತ್ತು ಪೋಣಿಸಿದಂತೆ ಉತ್ತರ ಕೊಟ್ಟ, ಕೊನೆಯ ಸ್ವರವನ್ನು ಗಟ್ಟಿಯಾಗಿ ಮೀಟಿದ. ಹಾಡಲು ಬಾಯಿ ತೆರೆದಿದ್ದ ಶೇಖ್ ಹಾಗೇ ಮುಚ್ಚಿ, ಅವನತ್ತ ನೋಡಿದ. ಎರಡನೆಯ ಸಾಲಿಗೂ ಅದೇ ಆಯಿತು. ಮೂರನೆಯದಕ್ಕೆ ಶೇಖ್ ಕೈಯಲ್ಲಿದ್ದ ತನ್ನ ತಂತಿವಾದ್ಯವನ್ನು ಮಡಿಲಲ್ಲಿ ಮಲಗಿಸಿದ.

"ಯಾರಪ್ಪ ನೀನು, ಬಾಯಿಗಿಟ್ಟ ತುತ್ತು ಕಿತ್ಕೊಳ್ಳೋನು?"

ಅಂಗಳ ಗೊಳ್ಳೆಂದಿತು. ಪಕ್ಕದಲ್ಲಿದ್ದ ಹಮ್ದಾನ್ ಪಿಸುಗುಟ್ಟಿದ: "ಕೊನೇ ಸ್ವರ ಮುಟ್ಟಬಾರ್ದು ಕಣೋ! ಬ್ಯಾಂಜೊ ಅದರ ಹಿಂದಿನ ಸ್ವರದಲ್ಲೇ ನಿಲ್ಲಬೇಕು. ಆ ಸ್ವರ ಶೇಖ್ ಬಾಯಲ್ಲೇ ಮುಗಿಯೋದು, ಅದು ಶೇಖನ ತುತ್ತು. ನಮ್ಮ ಮೇಳದಲ್ಲಿ ಇದು ಮೊದಲ ಪಾಠ. ತಯ್ಯಬ್ ಹೇಳ್ಲಿಲ್ವಾ?"

ಮೊಕ್ರಾನನಿಗೆ ಇನ್ನೊಂದು ಅವಕಾಶ ಕೊಟ್ಟರು. ಬಿಡಬೇಕು, ಬಿಡಬೇಕು ಎಂದು ಮನಸ್ಸು ಕೂಗುತ್ತಿತ್ತು. ವರ್ಷಗಟ್ಟಲೆ ತಿಕ್ಕಿದ ಕೈ ಹೋಗಿ ಅದೇ ಸ್ವರಕ್ಕೆ ಬಿತ್ತು. "ಸಾಕು, ಏಳಪ್ಪ" ಎಂದ ಶೇಖ್. ವರ್ದಿಯಾ ಮೇಲೆ ಕಾಣಿಸಲಿಲ್ಲ. ಸಂಜೆಯೊಳಗೆ ಇಡೀ ಕಸಬಾದಲ್ಲಿ ಅವನ ಹೆಸರು ತುತ್ತುಗಳ್ಳ ಎಂದಾಗಿತ್ತು.

ಮರುದಿನ ಅವನು ಬ್ಯಾಂಜೊ ಹಿಡಿದು ಅಂಗಡಿಗೆ ಹೋದ. ತಯ್ಯಬ್ ಎದೆ ಎದೆ ಬಡಿದುಕೊಂಡ. "ಅಯ್ಯೋ ಮಗನೇ! ನಮ್ಮಪ್ಪನಾಣೆ ನನಗೇನೂ ಗೊತ್ತಿಲ್ಲ. ನನಗೆ ಬರೋದನ್ನೇ ನಿನಗೆ ಕಲಿಸಿದ್ದು. ಆ ಶೇಖನಿಗೆ ತಲೆ ತಿರುಗಿದೆ, ದಿನಕ್ಕೊಂದು ಕಾನೂನು ಮಾಡ್ತಾನೆ."

ನಂಬಬೇಕು ಅಂತಲೇ ಮೊಕ್ರಾನನಿಗೆ ಆಸೆ. ನಂಬಿಯೂ ಬಿಟ್ಟ, ಪಾಪ. "ಹಾಗಿದ್ರೆ ಒಂದ್ಸಲ ಬಾರಿಸ್ತೀನಿ ಅಮ್ಮಿ. ಎಲ್ಲಿ ತಪ್ಪು ಅಂತ ನೀವೇ ಹೇಳಿ" ಎಂದು ಕೊಂಬಿನ ಚೂರನ್ನು ಜೇಬಿನಿಂದ ತೆಗೆದ.

ತಯ್ಯಬನ ಕೈ ಅಭ್ಯಾಸದಂತೆ ಟವೆಲಿನತ್ತ ಹೋಯಿತು.

ಹೋದದ್ದು ನಡುದಾರಿಯಲ್ಲೇ ನಿಂತಿತು. ಇಬ್ಬರೂ ಆ ಕೈಯನ್ನೇ ನೋಡಿದರು.

"ಹಕ್ಕಿ ಕೆಟ್ಟುಹೋಗುತ್ತೆ ಅಂತ ತಾನೆ?" ಎಂದ ಮೊಕ್ರಾನ್.

ತಯ್ಯಬ್ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಅದರ ಕಿವಿ ಕಾಪಾಡ್ದೆ. ನಾನೇನು ಮಾಡಿದ್ದೆ ನಿನಗೆ?" ಗುರುವನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಕುರ್ಚಿ ಬಿಡಕ್ಕೆ ಇಷ್ಟ ಇಲ್ಲ ಅಂದಿದ್ರೆ ಹೋಗ್ತಿದ್ನಲ್ಲೋ."

ಬೇಕಿದ್ದರೆ ಅಲ್ಲೇ ಕೂತು, ಆ ಸ್ವರವನ್ನು ಹತ್ತು ಸಲ ಬಾರಿಸಿ ಹಕ್ಕಿಯನ್ನು ಕೆಡಿಸಬಹುದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವನು ಕೊಂಬಿನ ಚೂರನ್ನು ಕನ್ನಡಿಯ ಕೆಳಗೆ, ಬಾಚಣಿಗೆಗಳ ನಡುವೆ ಇಟ್ಟು ಬಾಗಿಲಿಗೆ ನಡೆದ. ಹೊಸ್ತಿಲು ದಾಟುವಾಗ ಹಿಂದಿನಿಂದ ಹಕ್ಕಿ ಹಾಡಿತು. ಶೇಖನ ಮೊದಲ ಸಾಲಿಗೆ ಕೊಡುವ ಅದೇ ಉತ್ತರ. ಮೊಕ್ರಾನ್ ಉಸಿರು ಬಿಗಿಹಿಡಿದು ನಿಂತ. ಹಕ್ಕಿ ಕೊನೆಯ ಸ್ವರದ ಹಿಂದಿನ ಸ್ವರಕ್ಕೆ ಬಂದು, ಅಲ್ಲೇ ನಿಲ್ಲಿಸಿತು.