ಕಡ್ಡಿಯಕ್ಕನ ಗಂಟು

ನಮ್ಮಕ್ಕ ಸರ್ಕಾರಕ್ಕೇ ಸಲಹೆ ಕೊಡ್ತಾಳಂತೆ! ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಸಣಕಲು ಮೈ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಡ್ಡಿಯಕ್ಕ. ಸಾರವೆ ಮೇಲೆ ನಿಂತು ದೊಡ್ಡ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯೋದು ಅವಳ ಕೆಲಸ. ಕಟ್ಟಡ ಕೆಲಸದವರ ಸುರಕ್ಷತೆಗೆ ಹೊಸ ನಿಯಮ ಬರೆಯೋ ಮುಂಚೆ ಸರ್ಕಾರ ಒಂದು ಸಲಹಾ ಸಮಿತಿ ಮಾಡಿತ್ತು. ಕಂಟ್ರಾಕ್ಟರುಗಳು, ಇಂಜಿನಿಯರುಗಳು ಇದ್ದರು. ಕೆಲಸಗಾರರ ಸಂಘದ ಕಡೆಯಿಂದ ಇವಳು.

"ನೀನೂ ಬಾರೇ, ಒಬ್ಬಳೇ ಹೋದ್ರೆ ನಾಲಿಗೆ ಒಣಗುತ್ತೆ" ಅಂದಳು. ಸಮಿತಿಯ ಸಭೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಅವಳಿಗೆ ಬೇಕಿದ್ದದ್ದು ಒಂದೇ ಮಾತು. ಎತ್ತರದಲ್ಲಿ ಹಾಕೋ ಸೇಫ್ಟಿ ಬೆಲ್ಟು ನಮ್ಮಂಥ ಹೆಂಗಸರಿಗೆ ದೊಗಳೆ, ಭುಜದಿಂದ ಜಾರುತ್ತೆ. ಮುಂದಿನ ವಾರ ಅವಳ ಮಗಳೂ ಸಾರವೆ ಹತ್ತೋಳಿದ್ದಳು, ಆ ಹುಡುಗಿ ಅಮ್ಮನಿಗಿಂತ ಸಣ್ಣ. ನಿಯಮದ ಕರಡಿನಲ್ಲಿ "ಬೆಲ್ಟು ಕೊಡಬೇಕು" ಅಂತಷ್ಟೇ ಇತ್ತು. "ಮೈಗೆ ಹೊಂದುವ" ಅಂತ ಸೇರಿಸಿ ಅನ್ನೋದು ಅಕ್ಕನ ಹಟ.

ಕಂಟ್ರಾಕ್ಟರೊಬ್ಬ ಗೊಣಗಿದ, "ಒಬ್ಬೊಬ್ಬರಿಗೆ ಒಂದೊಂದು ಅಳತೆ ಅನ್ನೋಕೆ ಇದೇನು ದರ್ಜಿ ಅಂಗಡೀನಾ? ಇಷ್ಟು ದಿನ ಹೇಗೆ ಮಾಡ್ತಿದ್ರಿ, ತಾಯಿ?"

ಅಕ್ಕನಿಗೆ ಹುರುಪು ಬಂತು. ಚೀಲದಿಂದ ಬೆಲ್ಟು ತೆಗೆದು ತೊಟ್ಟು, ಬೆನ್ನ ಹಿಂದೆ ಪಟ್ಟಿಗಳನ್ನು ಸೇರಿಸಿ ಗಂಟು ಹಾಕಿದಳು. "ಹೀಗೆ! ಬಿಗಿಯಾಗಿ ಕೂರುತ್ತೆ. ನಾನೇ ಕಂಡುಹಿಡಿದದ್ದು, ಮಗಳಿಗೂ ಕಲಿಸಿದೀನಿ."

ಅಯ್ಯೋ ಪೆದ್ದಿ! ತಲೆ ಮೇಲೆ ತಾನೇ ಚಪ್ಪಡಿ ಎಳಕೊಂಡಳಲ್ಲ ಅಂತ ನಾನು ಹಣೆ ಚಚ್ಚಿಕೊಂಡೆ. "ಗಂಟು ಹಾಕಿದ್ರೆ ಮುಗೀತಲ್ಲ!" ಅಂತ ಕಂಟ್ರಾಕ್ಟರು ಆಗಲೇ ನಗ್ತಿದ್ದ.

ಇಂಜಿನಿಯರಮ್ಮ ಎದ್ದು ಬಂದರು. ಗಂಟು ಮುಟ್ಟಿ ನೋಡಿದರು. "ಗಂಟು ಬಿದ್ದ ಕಡೆ ಪಟ್ಟಿಯ ಬಲ ಕಮ್ಮಿ ಆಗುತ್ತಮ್ಮ. ಬಿದ್ದಾಗ ಕಿತ್ತು ಬರೋದು ಅಲ್ಲಿಂದಲೇ."

ಅಕ್ಕನ ಮುಖ ಬಿಳಿಚಿಕೊಂಡಿತು. "ನನ್ನ ಕೈಯಾರೆ ಮಗಳಿಗೆ ಕಲಿಸಿದೆನಲ್ಲ" ಅಂದಳು. ಆಮೇಲೆ ಬಂತು ನೋಡಿ ದನಿ! "ಬರೀರಿ ಸ್ವಾಮಿ! ಬೆಲ್ಟಿಗೆ ನಾವು ಹೊಂದಿಕೊಳ್ಳೋಕೆ ಹೋಗಿಯೇ ಈ ಗಂಟು. ಮೈಗೆ ಹೊಂದೋದನ್ನ ಕೊಟ್ರೆ ಯಾರು ಹಾಕ್ತಾರೆ ಇದನ್ನ?"

ಒಪ್ಪೋರು ಕೈ ಎತ್ತಿ ಅಂದರು ಅಧ್ಯಕ್ಷರು. ಒಂದೊಂದೇ ಕೈ ಮೇಲೆ ಹೋಯಿತು, ಕೊನೆಗೆ ಗೊಣಗಿದವನದೂ! ನಾನು ಕುರ್ಚಿಯಿಂದ ಹಾರಿ ಚಪ್ಪಾಳೆ ಹೊಡೆದೆ. ಗುಮಾಸ್ತ ಕೆಕ್ಕರಿಸಿ ನೋಡಿದ. ನೋಡಿಕೊಳ್ಳಲಿ ಬಿಡಿ.

ಆದರೆ ಸಮಿತಿ ಸಲಹೆ ಕೊಡುತ್ತೆ ಅಷ್ಟೇ, ನಿಯಮ ಮಾಡೋದು ಸರ್ಕಾರ. ಅಲ್ಲಿಯವರೆಗೂ ಅಕ್ಕ ಮಗಳನ್ನು ಹತ್ತಿಸಲಿಲ್ಲ. "ನೆಲದ ಮೇಲೇ ಬಣ್ಣ ಕಲಸು" ಅಂದಳು. ಹುಡುಗಿ ಮುಖ ಊದಿಸಿಕೊಂಡೇ ಕಲಸಿದಳು. ಮರುವರ್ಷ ನಿಯಮ ಬಂತು. ಅಕ್ಕನ ಮಾತು ಅದರಲ್ಲಿ ಹಾಗೇ ಇತ್ತು! ಸಣ್ಣ ಅಳತೆಯ ಬೆಲ್ಟೂ ಬಂತು.

ಮಗಳು ಅದನ್ನು ತೊಟ್ಟು ಸಾರವೆ ಮುಂದೆ ನಿಂತಳು. ಅಕ್ಕನ ಕೈ ರೂಢಿಯಂತೆ ಅವಳ ಬೆನ್ನ ಹಿಂದೆ ಹೋಯಿತು. ಗಂಟು ಹಾಕೋಕೆ ಹಿಡಿಯುವಷ್ಟು ಪಟ್ಟಿ ಅಲ್ಲಿ ಸಡಿಲವಿರಲಿಲ್ಲ.

"ಅಮ್ಮಾ, ಹತ್ತಲಾ?"

ಅಕ್ಕ ಇನ್ನೂ ಆ ಪಟ್ಟಿಯನ್ನೇ ಸವರುತ್ತಿದ್ದಳು. "ಹತ್ತೇ ನನ್ನ ಬಂಗಾರ!" ಅಂತ ನಾನೇ ಕೂಗಿದೆ.