ಅರ್ಧ ಡಜನ್ ಮುಂಬೈ ನೀರು

ಔಷಧದಂಗಡಿಯವನು ಫ್ರಿಜ್ಜಿನ ಬಾಗಿಲು ತೆರೆದು ಒಂದು ಪುಟ್ಟ ಬಾಟಲಿ ತೆಗೆದ. ಅದನ್ನು ಕಾಗದದಲ್ಲಿ ಸುತ್ತಿ ನನ್ನ ಅಂಗೈ ಮೇಲಿಟ್ಟು, "ಮನಿಗೆ ಹೋದ ಕೂಡ್ಲೆ ತಂಪಿನ್ಯಾಗ ಇಡ್ರಿ, ಅಜ್ಜಿ" ಎಂದ. ಅಷ್ಟೇ. ನನ್ನ ಹಿಂದೆ ನಿಂತವರಿಗೆ ಕೆಮ್ಮಿನ ಔಷಧ ಬೇಕಿತ್ತು, ಅವನು ಅತ್ತ ತಿರುಗಿದ. ನಾನು ಮಾತ್ರ ಅಲ್ಲೇ ನಿಂತಿದ್ದೆ. "ಮತ್ತೇನರ ಬೇಕಾಗಿತ್ತೇನ್ರಿ?" ಎಂದು ಅವನು ಮತ್ತೆ ಕೇಳಿದಾಗ ನಾಚಿಕೊಂಡು ಮೆಟ್ಟಿಲಿಳಿದೆ. ಏನು ಹೇಳಲಿ ಅವನಿಗೆ? ಇಷ್ಟು ಸುಲಭವಾಗಿ ಇದನ್ನು ಕೈಗೆ ಕೊಡಬಾರದಪ್ಪಾ, ಇದಕ್ಕಾಗಿ ನಮ್ಮಪ್ಪ ಒಮ್ಮೆ ಖಾನಾಪುರದಲ್ಲಿ ಏಳು ಬಾಗಿಲಿಗೆ ಕಟ್ಟಿಗೆ ವಿಚಾರಿಸಿದ್ದ ಎಂದರೆ ಅವನಿಗೆ ಅರ್ಥವಾದೀತೇ?

ಅರವತ್ತರ ಹತ್ತಿರ ಬಂದ ನನಗೆ ಈಗ ಸಕ್ಕರೆ ಕಾಯಿಲೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಹೋಳಿಗೆಗೆ ಬೇಡವೆಂದವಳಲ್ಲ, ಉಂಡಿಯ ಡಬ್ಬಿ ಎಲ್ಲಿದ್ದರೂ ವಾಸನೆ ಹಿಡಿದು ಹುಡುಕಿದವಳು ನಾನು. ಆದರೆ ನಮ್ಮ ತಾರಕ್ಕ ಏನು ಮಾಡಿದ್ದಳು? ಅವಳಿಗೆ ಈ ರೋಗ ಬಂದಾಗ ಹದಿಮೂರು ವರ್ಷ. ನನಗೆ ಎಂಟು.

ನಾವಾಗ ಅನಗೋಳದಲ್ಲಿದ್ದೆವು. ಅನಗೋಳ ಈಗ ಬೆಳಗಾವಿಯ ಹೊಟ್ಟೆಯೊಳಗೆ ಸೇರಿಹೋಗಿದೆ. ಆಗ ಅದು ಬೇರೆ ಹಳ್ಳಿ, ಪೇಟೆಗೆ ಹೋಗಬೇಕೆಂದರೆ ಹೊಲದ ಬದುವಿನ ಮೇಲೆ ನಡೆಯಬೇಕು. ಅಪ್ಪ ಕನ್ನಡ ಶಾಲೆಯ ಮಾಸ್ತರ. ಮನೆಯಲ್ಲಿ ಅಪ್ಪ, ಅವ್ವ, ನಾವಿಬ್ಬರು ಅಕ್ಕತಂಗಿಯರು, ಮತ್ತು ನಮ್ಮೆಲ್ಲರ ಮೇಲೆ ಆಯಿ, ಎಂದರೆ ಅಪ್ಪನ ತಾಯಿ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಆಯಿಯ ಬಾಯಿಗೆ ಒಂದು ತುತ್ತು ಹೋದದ್ದನ್ನು ಯಾರೂ ಕಂಡಿರಲಿಲ್ಲ. ಸಣ್ಣ ವಯಸ್ಸಿನಲ್ಲೇ ಆಯಿಯ ಜೊತೆ ಆ ವ್ರತ ಹಿಡಿದವಳು ತಾರಕ್ಕ. ನಾನು ಹಿಡಿದಿದ್ದೆ ಎಂದು ಹೇಳಿಕೊಳ್ಳುತ್ತಿದ್ದೆ, ಆದರೆ ಕತ್ತಲಾದ ಮೇಲೆ ಡಬ್ಬಿಗಳ ಹತ್ತಿರ ನನ್ನ ವ್ರತ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಆ ವರ್ಷ ತಾರಕ್ಕ ನೀರು ಕುಡಿಯತೊಡಗಿದಳು. ಒಂದು ತಂಬಿಗೆ, ಎರಡು ತಂಬಿಗೆ, ಮತ್ತೆ ಹಂಡೆಗೇ ಕೈ. ಬಚ್ಚಲ ಮೋರಿಗೆ ಇರುವೆ ಸಾಲುಗಟ್ಟಿದವು. ಪರಕಾರ ದಾವಣಿಯೊಳಗೆ ಹುಡುಗಿ ಕರಗುತ್ತಾ ಹೋದಳು. ಪೇಟೆಯ ಡಾಕ್ಟರರು ಅವಳ ಮೂತ್ರವನ್ನು ನೀಲಿ ದ್ರವದ ಜೊತೆ ಗಾಜಿನ ನಳಿಗೆಯಲ್ಲಿ ಕಾಯಿಸಿದರು. ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಂಗಿಯ ಬಣ್ಣಕ್ಕೆ ಬಂತು. ನನಗೆ ಅದು ಜಾದೂ, ಖುಷಿಯಿಂದ ಚಪ್ಪಾಳೆ ತಟ್ಟಿದೆ. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದ.

ಅಲ್ಲಿಯವರೆಗೆ ಈ ರೋಗಕ್ಕೆ ಇದ್ದ ಔಷಧವೆಂದರೆ ಉಪವಾಸ. ಬೇಯಿಸಿದ ಸೊಪ್ಪು, ಒಂದಿಷ್ಟು ಮಜ್ಜಿಗೆ. ಅದರಿಂದ ರೋಗಿ ಬದುಕುವುದಿಲ್ಲ, ಸಾಯುವುದು ನಿಧಾನವಾಗುತ್ತದೆ ಅಷ್ಟೆ. ಆದರೆ ಡಾಕ್ಟರರು ಒಂದು ಹೊಸ ಹೆಸರು ಹೇಳಿದರು: ಇನ್ಸುಲಿನ್. ಹಡಗಿನಲ್ಲಿ ಮುಂಬೈಗೆ ಬರುತ್ತದೆ, ದಿನಕ್ಕೆರಡು ಸಲ ಸೂಜಿ ಚುಚ್ಚಬೇಕು, ಹುಡುಗಿ ಬದುಕುತ್ತಾಳೆ. ಪೇಟೆಯಲ್ಲಿ ಬಿಡಿ ಬಾಟಲಿಯ ಬೆಲೆ ಕೇಳಿ ಅಪ್ಪ ಬೆರಳ ಮೇಲೆ ಲೆಕ್ಕ ಹಾಕಿದ. ಅವನ ಪಗಾರವೆಲ್ಲ ಸುರಿದರೂ ತಿಂಗಳು ತುಂಬುತ್ತಿರಲಿಲ್ಲ.

"ಮುಂಬೈಯಿಂದ ಡಜನ್ ಬಾಟ್ಲಿಯ ಡಬ್ಬಿ ತರಸಿದ್ರ ಅರ್ಧಾ ರೇಟಿನ್ಯಾಗ ಬರತೈತಿ, ಮಾಸ್ತರ. ಇನ್ನೊಬ್ರು ಯಾರರ ಪಾಲಿಗೆ ಕೂಡಬೇಕು" ಎಂದರು ಡಾಕ್ಟರರು.

"ಯಾರದಾರ್ರೀ ಅಂಥಾವ್ರು?"

"ಖಾನಾಪುರದಾಗ ಒಬ್ರದಾರ. ಹೆಸರು ಕೇಳಬ್ಯಾಡ್ರಿ. ಅವರು ನನ್ನ ಕಡೆ ಹಿತ್ತಲ ಬಾಗಲದಿಂದ ಬರೂ ಮಂದಿ. ನಾ ಕೇಳಿ ನೋಡೇನಿ, ಒಲ್ಲೆ ಅಂದಾರ."

ಮನೆಗೆ ಬಂದು ಅಪ್ಪ ಎಲ್ಲ ಹೇಳಿದ, ಒಂದನ್ನು ಬಿಟ್ಟು. ಈ ಔಷಧವನ್ನು ದನದ ಹೊಟ್ಟೆಯೊಳಗಿನ ಒಂದು ಗ್ರಂಥಿಯಿಂದ ತೆಗೆಯುತ್ತಾರೆ ಎಂದು ಡಾಕ್ಟರರು ಅವನಿಗೆ ತಿಳಿಸಿದ್ದರು. ಇರುವೆ ತುಳಿದೀತೆಂದು ಅಂಗಳ ನೋಡಿ ಕಾಲಿಡುವ ತಾಯಿಗೆ ಅದನ್ನು ಹೇಗೆ ಹೇಳುವುದು? ಅಪ್ಪ "ಅದು... ಅದನ್ನ ಹೆಂಗ ಮಾಡ್ತಾರಂದ್ರ..." ಎಂದು ತಡವರಿಸಿದಾಗ ಆಯಿ ಕೈಯೆತ್ತಿ ತಡೆದಳು.

"ನಾ ಕೇಳೂದಿಲ್ಲ, ನೀ ಹೇಳಬ್ಯಾಡ. ಮುಂಬೈ ನೀರು ಅಂತ ತಿಳಕೋತೇನಿ. ಪಾಪ ಬಂದ್ರ ನನಗ ಬರಲಿ. ಮೊದ್ಲ ಆ ಖಾನಾಪುರದಾಂವನ್ನ ಹುಡುಕು."

"ಹೆಸರ ಗೊತ್ತಿಲ್ಲಲ್ಲವ್ವಾ."

"ಖಾನಾಪುರ ಏನು ಮುಂಬೈ ಐತೇನು? ಸಿಹಿ ಬಿಟ್ಟಾಂವ ಯಾಂವ ಅಂತ ಚಹಾದಂಗಡಿಯಾಂವಗ ಗೊತ್ತಿರತೈತಿ. ಹೋಗಿ ಕೇಳು."

ಆಯಿ ಜನ್ಮದಲ್ಲಿ ಚಹಾ ಕುಡಿದವಳಲ್ಲ. ಚಹಾದಂಗಡಿಯ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ ನನಗೆ ಇಂದಿಗೂ ಬಿಡಿಸಲಾಗದ ಒಗಟು. ಭಾನುವಾರ ಅಪ್ಪ ಹೊರಟ. ಒಂಟಿ ಗಂಡಸು ಊರೊಳಗೆ ಸುತ್ತಾಡಿದರೆ ಜನ ಸಂಶಯಪಡುತ್ತಾರೆ, ಮಗುವನ್ನು ಕರೆದುಕೊಂಡು ಹೋಗು ಎಂದು ಆಯಿ ನನ್ನನ್ನೂ ಜೊತೆಗೆ ಹಾಕಿದಳು. ರೈಲಿನಲ್ಲಿ ನನ್ನ ಮೊದಲ ಪ್ರಯಾಣ ಅದು. ಅಕ್ಕ ಸಾವಿನ ದವಡೆಯಲ್ಲಿದ್ದಾಗ ನಾನು ಕಿಟಕಿಗೆ ಮೂಗು ಒತ್ತಿ ದೇಸೂರಿನ ಮರ ಎಣಿಸುತ್ತಿದ್ದೆ. ನೆನೆದರೆ ಈಗಲೂ ಮುಖ ಕೆಂಪಾಗುತ್ತದೆ.

ಖಾನಾಪುರದ ಸ್ಟೇಷನ್ನಿನ ಹೊರಗೇ ಚಹಾದಂಗಡಿ. ಅಪ್ಪ ತನಗೆ ಸಕ್ಕರೆ ಇಲ್ಲದ ಚಹಾ ಬೇಕೆಂದ. ಅಂಗಡಿಯವನು ಸೌಟು ಹಿಡಿದೇ ನಕ್ಕ.

"ನಿಮಗೂ ಪಿತ್ತ ಏನ್ರೀ? ನಮ್ಮೂರಾಗೂ ಒಬ್ರದಾರ ನೋಡ್ರಿ, ಕಟಗಿ ವಖಾರಿ ಸಾವಕಾರ್ರು. ಅವರಿಗೂ ಪಿತ್ತಂತ, ಸಕ್ಕರಿ ಮುಟ್ಟೂದಿಲ್ಲ."

ಆಯಿಯ ಜಾಣತನಕ್ಕೆ ಅಪ್ಪ ಅಲ್ಲೇ ಕೈಮುಗಿದನೋ ಏನೋ, ಆ ಕಹಿ ಚಹಾವನ್ನು ಮಾತ್ರ ಗಟಗಟ ಕುಡಿದ.

ಸಾವಕಾರರದು ದೊಡ್ಡ ಮನೆ, ಮಗ್ಗುಲಲ್ಲೇ ಕಟ್ಟಿಗೆ ಪೇರಿಸಿದ ವಖಾರಿ. ಸಾಗವಾನಿಯ ವಾಸನೆ ಅಂಗಳದ ತುಂಬ. "ಬರ್ರಿ, ಕುಂದರ್ರಿ. ಏನ್ ಕಾಮ ತಗದು ಬಂದ್ರಿ?" ಎಂದು ಮರಾಠಿ ಕನ್ನಡ ಕೂಡಿಸಿ ಮಾತಾಡಿಸಿದರು. ನಿಮಗೆ ಸಕ್ಕರೆ ರೋಗವಂತಲ್ಲ ಎಂದು ಗುರುತಿಲ್ಲದ ಮನುಷ್ಯನನ್ನು ಕೇಳುವುದು ಹೇಗೆ? ಮನೆಗೆ ಬಾಗಿಲು ಮಾಡಿಸಬೇಕು, ಕಟ್ಟಿಗೆ ಬೇಕು ಎಂದ ಅಪ್ಪ. ಎಷ್ಟು ಬಾಗಿಲು? ಏಳು ಎಂದ. ನಮ್ಮ ಮನೆಗೆ ಇದ್ದದ್ದು ಎರಡೇ ಬಾಗಿಲು, ಅದರಲ್ಲಿ ಒಂದು ಮುಚ್ಚುತ್ತಲೇ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅವನು ಛಾವಣಿ ನೋಡುತ್ತಿದ್ದ.

ಅಷ್ಟರಲ್ಲಿ ಸಾವಕಾರರ ಹೆಂಡತಿ ಮೂರು ತಾಟಿನಲ್ಲಿ ಬೇಸನ್ ಉಂಡಿ ತಂದಿಟ್ಟರು, ಒಬ್ಬೊಬ್ಬರಿಗೆ ಎರಡೆರಡು. ಬಂದವರ ಮುಂದೆ ಯಜಮಾನ ತಾನು ತಿನ್ನದೆ ಕೂತರೆ ಚೆಂದ ಕಾಣುವುದಿಲ್ಲ ನೋಡಿ. ಆ ತಾಯಿ ನೀರು ತರಲು ಒಳಗೆ ಹೋದದ್ದೇ ತಡ, ಸಾವಕಾರರು ತಮ್ಮ ಎರಡೂ ಉಂಡಿಗಳನ್ನು ಮೆಲ್ಲಗೆ ನನ್ನ ತಾಟಿಗೆ ಸರಿಸಿದರು. ಸರಿಸಿ, ಏನೂ ಆಗದವರಂತೆ ಮೀಸೆ ಒರೆಸಿಕೊಂಡರು.

ನನಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಯಾರ ಮನೆಯ ಪಂಕ್ತಿಯಲ್ಲೂ ತಾರಕ್ಕ ಹಾಗೆಯೇ ಮಾಡುತ್ತಿದ್ದಳು. ಎರಡು ತಿಂಗಳಿಂದ ಅವಳ ಪಾಲಿನ ಸಿಹಿಯೆಲ್ಲ ನನ್ನ ಹೊಟ್ಟೆಗೇ ಬಿದ್ದಿತ್ತು. ಬಾಯಿತುಂಬ ಉಂಡಿ ಇಟ್ಟುಕೊಂಡೇ ಹೇಳಿದೆ:

"ನಮ್ಮ ತಾರಕ್ಕನೂ ಹಿಂಗ ನನ್ನ ತಾಟಿಗೆ ಹಾಕ್ತಾಳ್ರೀ. ಅಕಿಗೂ ಸಕ್ಕರಿ ಬ್ಯಾನಿ ಐತಿ."

ಸಾವಕಾರರ ಕೈ ಮೀಸೆಯ ಮೇಲೇ ನಿಂತಿತು. ಅಪ್ಪ ಕಣ್ಣು ಮುಚ್ಚಿಕೊಂಡ. ನಾನು ಏನೋ ತಪ್ಪು ಮಾಡಿದೆನೆಂದು ತಿಳಿದು, ಕಸಿದುಕೊಂಡಾರೆಂಬ ಭಯದಿಂದ ಮೂರನೆಯ ಉಂಡಿಯನ್ನು ಗಬಕ್ಕನೆ ಬಾಯಿಗಿಟ್ಟೆ.

"ವಯಸ್ಸೆಷ್ಟು ನಿಮ್ಮ ಹುಡುಗಿಗೆ?" ಎಂದು ಸಾವಕಾರರು ಕೇಳಿದರು.

"ಹದಿಮೂರ್ರೀ" ಎಂದ ಅಪ್ಪ. ಆಮೇಲೆ ಅವನ ಬಾಯಿ ಬಿಚ್ಚಿತು. ಡಜನ್ ಡಬ್ಬಿ, ಅರ್ಧ ರೇಟು, ಡಾಕ್ಟರರು ಹೆಸರು ಹೇಳದ್ದು, ಕಹಿ ಚಹಾ ಎಲ್ಲವನ್ನೂ ಹೇಳಿಬಿಟ್ಟ.

"ನನಗ ಐವತ್ತಾತು ಮಾಸ್ತರ" ಎಂದರು ಸಾವಕಾರರು, ಧ್ವನಿ ತಗ್ಗಿಸಿ. "ಮಗಳ ಲಗ್ನದ ಮಾತು ನಡದೈತಿ. ಮನಿತನಕ್ಕ ರೋಗ ಐತಿ ಅಂದ್ರ ಮುರೀತೈತಿ ಅಂತ ಹೆದರಿ, ಮನಿಯಾಕಿಗೂ ಪಿತ್ತ ಅಂತ ಹೇಳೇನಿ. ನನ್ನ ಹೆಸರಿಗೆ ಮುಂಬೈ ಪಾರ್ಸಲ್ ಬಂದ್ರ ಸ್ಟೇಷನ್ ತುಂಬ ಸುದ್ದಿ. ಅದಕ್ಕ ದುಪ್ಪಟ್ಟು ಕೊಟ್ಟು ಒಂದೊಂದ ಬಾಟ್ಲಿ ತರತೇನಿ." ಒಳಬಾಗಿಲ ಕಡೆ ಒಮ್ಮೆ ನೋಡಿ, "ಡಬ್ಬಿ ನಿಮ್ಮ ಹೆಸರಿಗೆ ಬೆಳಗಾವಿಗೆ ಬರಲಿ. ಆರು ನಿಮಗ, ಆರು ನನಗ. ಹುಡುಗಿ ಉಳೀಲಿ" ಎಂದರು.

ಹೊರಡುವಾಗ ಖಾನಾಪುರದ ಕುಂಬಾರರು ಮಾಡಿದ ಒಂದು ಹೊಸ ಗಡಗಿ ಕೊಟ್ಟರು. ತಳದಲ್ಲಿ ಹಸಿ ಮರಳು, ಸುತ್ತ ಒದ್ದೆ ಅರಿವೆ, ಒಳಗೆ ಬಾಟಲಿ. ಬೇಸಿಗೆಯಲ್ಲೂ ತಂಪು ಆರುವುದಿಲ್ಲ. ಮುಂದೆ ಪ್ರತಿ ಡಬ್ಬಿ ಬಂದಾಗಲೂ ಅಪ್ಪ ಆರು ಬಾಟಲಿ ಗಡಗಿಯೊಳಗಿಟ್ಟು ಖಾನಾಪುರಕ್ಕೆ ಹೋಗಿ, ಬೇರೆ ಗಡಗಿ ಹಿಡಿದು ಬರುತ್ತಿದ್ದ. ಅನಗೋಳದ ಜನ ಅವನಿಗೆ ಗಡಗಿ ಮಾಸ್ತರ ಎಂದು ಹೆಸರಿಟ್ಟರು. ನಮ್ಮ ಪಾಲಿನ ಆರಕ್ಕಾಗಿ ಅವನು ಪೇಟೆಯಲ್ಲಿ ಎರಡು ಮನೆಯ ಮಕ್ಕಳಿಗೆ ಪಾಠ ಹೇಳಬೇಕಾಯಿತು, ಬೆಳಿಗ್ಗೆ ಹೊಲದ ಬದುವಿನ ಮೇಲೆ ಓಡಬೇಕಾಯಿತು. ಆದರೆ ಅದು ಕಾಲಿಗೆ ಎಟಕುವ ದಾರಿಯಾಗಿತ್ತು.

ನಮ್ಮ ಮನೆಯ ಬಾಟಲಿಗಳು ಎಲ್ಲಿದ್ದವು ಎನ್ನುತ್ತೀರಿ? ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ದೇವರ ಕೋಣೆ. ಆಯಿ ತಾನೇ ಒಯ್ದು ಗಡಗಿಯನ್ನು ಜಿನದೇವರ ಮಗ್ಗುಲಿಗಿಟ್ಟಳು. ಅಪ್ಪ ಪೂಜೆಗೆ ಕೂತಾಗಲೆಲ್ಲ ಆ ಕಡೆ ನೋಡದೆ ಮಂತ್ರ ಹೇಳುತ್ತಿದ್ದ. ಒಂದೇ ವಾರದಲ್ಲಿ ತಾರಕ್ಕನ ಕೆನ್ನೆಗೆ ಬಣ್ಣ ಬಂತು. ನಳಿಗೆಯ ನೀರು ಕಾಯಿಸಿದರೂ ನೀಲಿಯಾಗಿಯೇ ಉಳಿದ ದಿನ ನಾನು ಮತ್ತೆ ಚಪ್ಪಾಳೆ ತಟ್ಟಿದೆ. ಈ ಸಲ ಯಾರೂ ತಡೆಯಲಿಲ್ಲ.

ಇನ್ನೇನು ಗೆದ್ದೆವು ಎನ್ನುವಾಗ ನಾವೆಲ್ಲ ಕೂಡಿ ಒಂದು ತಪ್ಪು ಮಾಡಿದೆವು. ಶ್ರಾವಣದ ಒಂದು ದಿನ. ಹಳೆಯ ಬಾಟಲಿ ಬೆಳಿಗ್ಗೆಯೇ ಮುಗಿದಿತ್ತು, ಹೊಸ ಡಬ್ಬಿ ಸಂಜೆಯ ರೈಲಿಗೆ ಬರುವುದಿತ್ತು. ರೈಲು ತಡವಾಯಿತು. ಅಪ್ಪ ಏದುಸಿರು ಬಿಡುತ್ತಾ ಬಂದ ಕೂಡಲೇ ಸೂಜಿ ಕುದಿಸಿ ಚುಚ್ಚಿದರು, ಎಲ್ಲರೂ ಉಸಿರು ಬಿಟ್ಟೆವು. ಅವ್ವ ತಾಟು ಇಡಲು ಹೋದರೆ ತಾರಕ್ಕ, "ಹೊತ್ತು ಮುಳುಗೇತೆವ್ವಾ. ನಾ ಉಣ್ಣೂದಿಲ್ಲ" ಎಂದಳು. ಆಯಿ ಹೆಮ್ಮೆಯಿಂದ ತಲೆಯಾಡಿಸಿದಳು. ಔಷಧ ಹೋಯಿತಲ್ಲ, ಒಂದು ಹೊತ್ತು ಊಟ ಬಿಟ್ಟರೇನು ಎಂದೇ ನಮ್ಮೆಲ್ಲರ ಎಣಿಕೆ. ಉಪವಾಸ ನಮ್ಮ ಮನೆಯಲ್ಲಿ ಎಂದೂ ಯಾರಿಗೂ ಕೇಡು ಮಾಡಿರಲಿಲ್ಲ. ಸೂಜಿ ಹೋದ ಮೈಗೆ ಊಟ ಬೀಳದಿದ್ದರೆ ರಕ್ತದಲ್ಲಿ ಇರಬೇಕಾದ ಸಕ್ಕರೆಯೂ ಇಳಿದುಹೋಗುತ್ತದೆಂದು ನಮಗೇನು ಗೊತ್ತು?

ದೀಪ ಹಚ್ಚಿ ಎರಡು ಗಳಿಗೆ ಕಳೆದಿರಲಿಲ್ಲ, ತಾರಕ್ಕನ ಹಣೆಯಲ್ಲಿ ಬೆವರು. ಕೈ ನಡುಕ. ನನ್ನನ್ನು ನೋಡಿ ಯಾರದೋ ಹೆಸರು ಹಿಡಿದು ಕರೆದಳು. ಆಮೇಲೆ ಗೋಡೆಗೆ ಒರಗಿ ಜಾರಿದಳು. "ಬೆವರಿದ್ರ ಸಕ್ಕರಿ ಕೊಡ್ರಿ ಅಂದಿದ್ರು ಡಾಕ್ಟರ್ರು" ಎಂದು ಅಪ್ಪ ಬಡಬಡಿಸಿದ. ಹೇಳಿದನೇ ಹೊರತು ಕಾಲು ಕೀಳಲಿಲ್ಲ. ಅವನು ತಾಯಿಯ ಮುಖ ನೋಡುತ್ತಿದ್ದ. ಅವ್ವನೂ ಅತ್ತೆಯ ಮುಖ ನೋಡುತ್ತಿದ್ದಳು.

ಆಯಿ ಎದ್ದಳು. ಅಡಿಗೆಮನೆಗೆ ಹೋಗಿ ಬೆಲ್ಲ ಒಡೆದು ತಂದಳು. ಮೊಮ್ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ತುರುಕಿದಳು. "ನುಂಗು, ನನ್ನವ್ವ. ವ್ರತ ಕಲಿಸಿದಾಕಿ ನಾ, ಮುರಿದಾಕೀನೂ ನಾನ. ನುಂಗು." ಅರೆ ಪ್ರಜ್ಞೆಯಲ್ಲೂ ಹುಡುಗಿ ತುಟಿ ಬಿಗಿಹಿಡಿದಳು. ಆಗ ಆಯಿ ಇನ್ನೊಂದು ಚೂರು ಬೆಲ್ಲವನ್ನು ತನ್ನ ಬಾಯಿಗೆ ಹಾಕಿಕೊಂಡು, "ನೋಡಿಲ್ಲೆ, ನಾನೂ ತಿಂದೆ" ಎಂದಳು. ತಾರಕ್ಕ ನುಂಗಿದಳು.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಯಾಕ ಎಲ್ಲಾರೂ ನನ್ನ ನೋಡಾಕತ್ತೀರಿ?" ಎಂದು ಕೇಳಿದಳು. ಅಪ್ಪ ಜೋರಾಗಿ ಅತ್ತ. ಗಂಡಸರು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಆಯಿ ಬಸದಿಗೆ ಹೋಗಿ ಬಂದು ನಿಟ್ಟುಪವಾಸ ಮಾಡಿದಳು. ಅಂದಿನಿಂದ ಸೂಜಿ, ಊಟ ಎರಡೂ ಬಿಸಿಲಿರುವಾಗಲೇ. ಮತ್ತು ಅಂದಿನಿಂದ ಸಾಯುವವರೆಗೆ ಆಯಿಯ ಸೆರಗಿನ ತುದಿಯಲ್ಲಿ ಒಂದು ಗಂಟು ಇರುತ್ತಿತ್ತು, ಅದರಲ್ಲಿ ಒಂದು ಚೂರು ಬೆಲ್ಲ. ಸಾವಕಾರರ ಮಗಳ ಲಗ್ನ ನಿರ್ವಿಘ್ನವಾಗಿ ಆಯಿತು. ಆಮೇಲೆ ಅವರು ಹಗಲು ಹೊತ್ತಿನಲ್ಲೇ, ಮುಂಬಾಗಿಲಿನಿಂದಲೇ ಡಾಕ್ಟರರ ಮನೆಗೆ ಹೋಗತೊಡಗಿದರು. ತಾರಕ್ಕ ಓದಿ, ಸಾವಕಾರರ ಖಾನಾಪುರದಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಬಾಯಿಯವರಾಗಿ, ಅಲ್ಲೇ ಮನೆ ಮಾಡಿದಳು.

ಇದನ್ನೆಲ್ಲ ನೆನೆಯುತ್ತಾ ಬಾಟಲಿ ಹಿಡಿದು ಮನೆಗೆ ಬಂದೆನೇನೋ ಸರಿ. ಸೂಜಿ ಹಿಡಿದ ಕೈ ಮಾತ್ರ ಮುಂದೆ ಹೋಗಲೊಲ್ಲದು. ಉಂಡಿಗೆ ಹೆದರದ ಈ ಜೀವ ಸೂಜಿಗೆ ಹೆದರಿ ಕೂತಿತ್ತು. ಮಧ್ಯಾಹ್ನದ ಬಸ್ಸಿಗೆ ತಾರಕ್ಕ ಬಂದಳು. ಕೂದಲೆಲ್ಲ ಬೆಳ್ಳಗಾಗಿದೆ, ಕನ್ನಡಕ ದಪ್ಪಗಾಗಿದೆ. ಸುಮಾರು ಐವತ್ತು ವರ್ಷ ದಿನಾ ಚುಚ್ಚಿಕೊಂಡವಳ ಕೈ ಮಾತ್ರ ಅಲುಗಲಿಲ್ಲ.

"ಅಡಗಿ ಆಗೇತೇನು?" ಎಂದಳು. "ಮೊದ್ಲ ತಾಟು ಹಚ್ಚಿ ಇಡು. ಆಮ್ಯಾಲ ಸೂಜಿ."

ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಇದಕ್ಕಾಗಿಯೇ ಇಷ್ಟು ಹೆದರಿದೆನೇ ಎಂದು ನಗು ಬಂತು, ಅವಳೂ ನಕ್ಕಳು. ಆಮೇಲೆ ತನ್ನ ಸೆರಗಿನ ತುದಿಯ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ತೆಗೆದು, ನನ್ನ ಸೆರಗಿಗೆ ಕಟ್ಟಿದಳು.

"ತಿನ್ನಾಕಲ್ಲ ಮತ್ತ. ಇಟ್ಕೊಳ್ಳಾಕ."

ಚಿಕ್ಕಂದಿನಿಂದ ತಾರಕ್ಕ ನನ್ನ ತಾಟಿಗೆ ಸರಿಸಿದ ಸಿಹಿಗೆ ಲೆಕ್ಕವಿಲ್ಲ, ಒಂದನ್ನೂ ನಾನು ಉಳಿಸಿದವಳಲ್ಲ. ಇದೊಂದನ್ನು ಮಾತ್ರ ತಿನ್ನದೆ ಇಟ್ಟುಕೊಂಡಿದ್ದೇನೆ.