ಸಹಿಗೆ ಬಿಟ್ಟ ಜಾಗ

ಕಳೆದ ತಿಂಗಳು ಒಂದು ಸಂಜೆ ಸೊಸೆ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ ಅದಕ್ಕೆ ಕರ್ಪೂರ ಹಾಕಿದಳು. ಮೊಮ್ಮಗಳು ಫುಟ್‌ಬಾಲ್ ಕೋಚಿಂಗ್ ಮುಗಿಸಿ ಕಾಲು ನೋವೆಂದು ಕುಂಟುತ್ತ ಬಂದಿದ್ದಳು. ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿ ತೆಗೆಯುವ ಅಭ್ಯಾಸವಿಲ್ಲ. ಒಲೆಯ ಮೇಲೆ ಏನಿಟ್ಟರೂ ಅದರ ವಾಸನೆ ಎಸಿ ಗಾಳಿಯಲ್ಲಿ ಮನೆಯೆಲ್ಲ ಸುತ್ತುತ್ತದೆ. ಟಿವಿ ನೋಡುತ್ತ ಕುಳಿತಿದ್ದ ನನ್ನ ಮೂಗಿಗೆ ಅದು ಬಂದಾಗ, ಟಿವಿಯಲ್ಲಿ ಏನು ಬರುತ್ತಿದೆ ಎಂಬುದೇ ಮರೆತುಹೋಯಿತು.

“ಅಜ್ಜ, ಇಟ್ ಸ್ಮೆಲ್ಸ್ ಲೈಕ್ ಅ ಟೆಂಪಲ್,” ಎಂದು ಮೊಮ್ಮಗಳು ಮೂಗು ಮುಚ್ಚಿಕೊಂಡಳು.

ನನಗೆ ನೆನಪಾದದ್ದು ದೇವಸ್ಥಾನವಲ್ಲ, ನಮ್ಮೂರ ಕಾಲೇಜಿನ ಸ್ಪೋರ್ಟ್ಸ್ ರೂಮು. ಹೊರಗೆ ಜುಲೈ ತಿಂಗಳ ಮಳೆ, ಒಳಗೆ ಒದ್ದೆ ಜೆರ್ಸಿಗಳು, ಸೀಮೆಎಣ್ಣೆ ಸ್ಟೌವಿನ ಮೇಲೆ ಒಂದು ಹಳೆಯ ಸೌಟು. ಸೌಟಿನಲ್ಲಿ ಇದೇ ಎಣ್ಣೆ. ಅದನ್ನು ಅಂಗೈಗೆ ಸುರಿದುಕೊಂಡು, ಬೆಂಚಿನ ಮೇಲೆ ಸಾಲಾಗಿ ಮಲಗಿದ ಹುಡುಗರ ಮೀನಖಂಡ ತಿಕ್ಕುತ್ತಿದ್ದವರು ಕಾಲೇಜಿನ ಪಿ.ಡಿ. ಮಾಸ್ಟ್ರು. ಆಟ ಕಲಿಸುವ ಮಾಸ್ಟ್ರೇ ಹುಡುಗರ ಕಾಲು ಮುಟ್ಟುತ್ತಾರಲ್ಲ ಎಂದು ಮೊದಲ ಸಲ ನೋಡಿದಾಗ ನನಗೆ ಸಂಕೋಚವಾಗಿತ್ತು.

ನಾನು ಆ ಕಾಲೇಜಿನಲ್ಲಿ ಓದಿದವನಲ್ಲ. ನನ್ನ ಓದು ಹತ್ತನೆಯ ಕ್ಲಾಸಿಗೆ ಮುಗಿಯಿತು. ಆದರೆ ನಮ್ಮ ಮನೆ ಗ್ರೌಂಡಿನ ಬೇಲಿಗೆ ತಾಗಿಯೇ ಇತ್ತು. ಪ್ರಾಕ್ಟೀಸಿಗೆ ಒಬ್ಬ ಕಡಿಮೆ ಬಿದ್ದರೆ ಮಾಸ್ಟ್ರು ಬೇಲಿಯ ಕಡೆ ತಿರುಗಿ ಒಂದು ಸಿಳ್ಳೆ ಹಾಕುತ್ತಿದ್ದರು. ನಾನು ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ. “ನೀನು ಮುಂದೆ ಓದಿದ್ದಿದ್ರೆ ನನ್ನ ರೈಟ್ ಬ್ಯಾಕ್ ಆಗ್ತಿದ್ದಿ ಮಾರಾಯ,” ಎಂದು ಎಷ್ಟು ಸಲ ಹೇಳಿದರೋ... ನಾನು ದುಬೈಗೆ ಹೊರಟಾಗ ಬಸ್ ಸ್ಟ್ಯಾಂಡಿಗೆ ಬಂದು ಅದೇ ಎಣ್ಣೆಯ ಒಂದು ಬಾಟಲಿ ಕೊಟ್ಟಿದ್ದರು.

ಆ ಕಾಲದಲ್ಲಿ ನಮ್ಮ ಕಾಲೇಜಿನ ಟೀಮು ಕಣಕ್ಕಿಳಿಯಿತೆಂದರೆ ಕರಾವಳಿಯ ಬೇರೆ ಕಾಲೇಜುಗಳು ಎರಡನೆಯ ಸ್ಥಾನಕ್ಕೆ ಆಡುತ್ತಿದ್ದವು. ಆ ಟೀಮು ಹೇಗೆ ಆಗುತ್ತಿತ್ತು ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ಮೇ ತಿಂಗಳು ಬಂತೆಂದರೆ ಮಾಸ್ಟ್ರು ಕಡಲ ಬದಿಯ ಕೇರಿಗಳನ್ನು ಸುತ್ತುತ್ತಿದ್ದರು. ಹುಡುಗರು ಬರಿಗಾಲಲ್ಲಿ ಹೊಯಿಗೆಯ ಮೇಲೆ ಆಡುತ್ತಿದ್ದರೆ ದೂರ ನಿಂತು ನೋಡುವುದು. ಗೋಲು ಹೊಡೆದವನನ್ನು ಅವರು ನೋಡುತ್ತಿರಲಿಲ್ಲ. ಚೆಂಡು ಕಳೆದುಕೊಂಡವನು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನೋ, ತಿರುಗಿ ಓಡುತ್ತಾನೋ ಎಂದು ನೋಡುತ್ತಿದ್ದರು. ಒಬ್ಬ ಹುಡುಗನನ್ನಂತೂ ಆಟದಲ್ಲೇ ನೋಡಿರಲಿಲ್ಲ. ದೋಣಿಯಿಂದ ಎಸೆದ ಖಾಲಿ ಬುಟ್ಟಿಗಳನ್ನು ಅವನು ದಡದಲ್ಲಿ ನಿಂತು ಒಂದೂ ನೆಲಕ್ಕೆ ಬೀಳದ ಹಾಗೆ ಹಿಡಿಯುವುದನ್ನು ನೋಡಿ, “ಇವ ನನ್ನ ಗೋಲಿ,” ಎಂದಿದ್ದರು. ಗೋಲು ಕಾಯುವವನನ್ನು ನಾವು ಗೋಲಿ ಎನ್ನುತ್ತಿದ್ದೆವು.

ಆಮೇಲೆ ಮನೆಗೆ ಹೋಗುವುದು, ತಾಯಿಯ ಹತ್ತಿರ ಮಾತಾಡುವುದು. ಕಾಲೇಜಿನಿಂದ ಅವರು ಕೊಡಿಸಬಹುದಾಗಿದ್ದದ್ದು ಫೀಸು ಮಾಫಿ ಮತ್ತು ಮಧ್ಯಾಹ್ನದ ಊಟ ಮಾತ್ರ. ಅದರ ಮೇಲೆ ಅವರದೊಂದು ಮಾತು ಇತ್ತು. “ಮೂರು ವರ್ಷ ನನ್ನ ಹತ್ತಿರ ಬಿಡಿ ಅಮ್ಮ. ಡಿಗ್ರಿ ಸರ್ಟಿಫಿಕೇಟ್ ನಾನೇ ತಂದು ನಿಮ್ಮ ಕೈಗೆ ಕೊಡ್ತೇನೆ.” ತಂದು ಕೊಡುತ್ತಿದ್ದರು ಕೂಡ. ಪರೀಕ್ಷೆಯ ಹಿಂದಿನ ವಾರ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅದೇ ಸ್ಪೋರ್ಟ್ಸ್ ರೂಮಿನಲ್ಲಿ ಹುಡುಗರನ್ನು ಕೂರಿಸಿ ಓದಿಸುತ್ತಿದ್ದರು. ಟೀಮು ನಿಂತದ್ದು ಆ ಒಂದು ಮಾತಿನ ಮೇಲೆ.

ನಾನು ರಜೆಯಲ್ಲಿ ಊರಿಗೆ ಹೋದಾಗ ಮಾಸ್ಟ್ರು ಈ ಸುತ್ತಾಟಕ್ಕೆ ನನ್ನನ್ನೂ ಕರೆಯುತ್ತಿದ್ದರು. ಕಾರಣ ಕೇಳಿದರೆ ಈಗ ನಗು ಬರುತ್ತದೆ. ಓದದೆ ಗಲ್ಫಿಗೆ ಹೋದವನ ಕಷ್ಟವನ್ನು ನಾನು ಬಾಯಾರೆ ಹೇಳಬೇಕಿತ್ತು. “ಹೇಳು, ಹೇಳು. ಬಿಸಿಲಿನ ವಿಷಯ ಹೇಳು,” ಎಂದು ಅವರು ಮೊಣಕೈಯಿಂದ ತಿವಿಯುತ್ತಿದ್ದರು. ನಾನು ಹೇಳುತ್ತಿದ್ದೆ. ಮೊದಲು ಓದಿ, ಆಮೇಲೆ ಗಲ್ಫ್. ಆದರೆ ತಾಯಂದಿರು ನನ್ನ ಮಾತು ಕೇಳುತ್ತಿರಲಿಲ್ಲ, ನನ್ನ ವಾಚು ನೋಡುತ್ತಿದ್ದರು. ಹುಡುಗರು ನನ್ನ ಶೂ ನೋಡುತ್ತಿದ್ದರು. ಕೋಣೆಯ ತುಂಬ ನನ್ನ ಸೆಂಟಿನ ವಾಸನೆ.

ದುಬೈಯಲ್ಲಿ ನಾನು ಆಗ ಒಂದು ಕಟ್ಟಡ ಕಂಪೆನಿಯಲ್ಲಿ ಡ್ರೈವರ್. ನಮ್ಮ ದೊಡ್ಡ ಮ್ಯಾನೇಜರಿಗೆ ಫುಟ್‌ಬಾಲ್ ಹುಚ್ಚು. ಶುಕ್ರವಾರ ಕಂಪೆನಿ ಕಂಪೆನಿಗಳ ನಡುವೆ ಮ್ಯಾಚು. ಸೋತರೆ ಶನಿವಾರ ಆಫೀಸಿನಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. “ಒಳ್ಳೆಯ ಆಟಗಾರರಿದ್ದರೆ ಹೇಳು, ವೀಸಾ ನಾನು ತೆಗೆಸುತ್ತೇನೆ,” ಎಂದು ಒಂದು ದಿನ ಕಾರಿನಲ್ಲಿ ನನಗೆ ಹೇಳಿದರು. ಮೊದಲ ವರ್ಷ ನಾನು ಕರೆಸಿದ ಇಬ್ಬರು ಡಿಗ್ರಿ ಮುಗಿಸಿದವರು. ಅದರಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ. ನಾವು ಗೆದ್ದೆವು. ನನ್ನನ್ನು ಕೆಲಸಗಾರರು ಇರುವ ಮುಹೈಸ್ನಾದ ಕ್ಯಾಂಪಿಗೆ ಇನ್‌ಚಾರ್ಜ್ ಮಾಡಿದರು. ಮರುವರ್ಷ ಇನ್ನೂ ಬೇಕೆಂದರು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಳಿತ ಒಳ್ಳೆಯ ಆಟಗಾರರು ಆಗ ಊರಲ್ಲಿ ಉಳಿದಿರಲಿಲ್ಲ...

ಹಾಗಾಗಿ ನಾನು ಮಾಸ್ಟ್ರನ್ನೇ ಕೇಳತೊಡಗಿದೆ. ರಜೆಯಲ್ಲಿ ಅವರ ಪಕ್ಕ ನಡೆಯುತ್ತ, “ಈ ವರ್ಷ ಯಾರು ಜೋರಿದ್ದಾರೆ ಸರ್?” ಎನ್ನುತ್ತಿದ್ದೆ. ತಮ್ಮ ಟೀಮಿನ ಮೇಲೆ ನನಗೆ ಪ್ರೀತಿ ಎಂದುಕೊಂಡು ಅವರು ಎಲ್ಲ ಹೇಳುತ್ತಿದ್ದರು. ಯಾರ ಎಡಗಾಲು ಚುರುಕು, ಯಾರಿಗೆ ದಮ್ಮು ಹೆಚ್ಚು, ಯಾರ ಮನೆಯಲ್ಲಿ ಕಷ್ಟ. ಮಾರನೆಯ ದಿನ ನಾನೊಬ್ಬನೇ ಅದೇ ಮನೆಗಳಿಗೆ ಹೋಗುತ್ತಿದ್ದೆ. “ಮಾಸ್ಟ್ರಿಗೆ ಹೇಳುವುದು ಬೇಡ,” ಎನ್ನುತ್ತಿದ್ದೆ. ಆರು ಹುಡುಗರು, ಡಿಗ್ರಿ ಅರ್ಧದಲ್ಲಿ ಬಿಟ್ಟವರು. ಕೊನೆಯವನು ಗೋಲಿ. ಅವನ ವೀಸಾ ಬಂದದ್ದು ಮೂರನೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿರುವಾಗ, ಯೂನಿವರ್ಸಿಟಿ ಫೈನಲ್ಲಿಗೆ ಒಂಬತ್ತು ದಿನ ಇರುವಾಗ. ಇನ್ನೂ ಎರಡು ತಿಂಗಳು ತಡೆಯಲು ನಾನು ಮ್ಯಾನೇಜರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲಿ ನಮ್ಮದೂ ಟೂರ್ನಮೆಂಟ್ ಹತ್ತಿರ ಬಂದಿತ್ತು.

ಆ ಫೈನಲ್ಲಿನಲ್ಲಿ ಮಾಸ್ಟ್ರು ಒಬ್ಬ ಬ್ಯಾಕ್ ಆಟಗಾರನಿಗೆ ಗ್ಲೌಸ್ ಹಾಕಿ ನಿಲ್ಲಿಸಿದರಂತೆ. ಎಷ್ಟು ಗೋಲಿಗೆ ಸೋತರೆಂದು ನಾನು ಕೇಳಲಿಲ್ಲ.

ಮುಂದಿನ ಮೇ ತಿಂಗಳು ನಾನು ಊರಿಗೆ ಹೋದಾಗಲೂ ಅವರು ಬಂದು ಕರೆದರು. ಇಬ್ಬರೂ ಒಂದೇ ಕೊಡೆಯಲ್ಲಿ ಹೊರಟೆವು. ದಾರಿಯಲ್ಲಿ ಗೋಲಿಯ ತಾಯಿ ಮೀನಿನ ಬುಟ್ಟಿ ಇಳಿಸಿ ನಮ್ಮನ್ನು ನಿಲ್ಲಿಸಿದಳು. “ಎಂತ ಮಾಸ್ಟ್ರೇ, ನನ್ನ ಕೈಗೆ ಕೊಡ್ತೇನೆ ಅಂದ ಸರ್ಟಿಫಿಕೇಟ್ ಎಲ್ಲುಂಟು? ಮೂರು ವರ್ಷ ನಿಮ್ಮ ಚೆಂಡಿನ ಹಿಂದೆ ಓಡಿಸಿದ್ದು ಇದಕ್ಕಾ?” ಬೈದದ್ದು ಅವರನ್ನು. ಆದರೆ ಅವಳ ಕಣ್ಣು ನನ್ನ ಮೇಲಿತ್ತು. ಮಗನ ಕೆಲಸ ನನ್ನ ಕೈಯಲ್ಲಿತ್ತು, ನನ್ನನ್ನು ಬೈಯುವ ಹಾಗಿರಲಿಲ್ಲ. ಮಾಸ್ಟ್ರು ತಲೆ ತಗ್ಗಿಸಿ, “ತಪ್ಪಾಯ್ತು ಅಮ್ಮ,” ಎಂದರು. ನಾನು ಕೊಡೆ ಹಿಡಿದುಕೊಂಡು ನಿಂತಿದ್ದೆ.

ಆ ದಿನ ನಾಲ್ಕು ಮನೆಗೆ ಹೋದೆವು. ಎರಡು ಮನೆಯವರು ಒಳಗೆ ಕರೆಯಲಿಲ್ಲ. ಉಳಿದೆರಡು ಮನೆಗಳಲ್ಲಿ ಹುಡುಗರು ಕೇಳಿದ್ದು ಒಂದೇ, “ಎರಡನೇ ವರ್ಷಕ್ಕೇ ವೀಸಾ ಆಗ್ತದಾ ಸರ್?”

ಹೀಗೆ ನಮ್ಮ ಕಾಲೇಜಿನ ಫುಟ್‌ಬಾಲ್ ಇಳಿಯಿತು. ಈಗ ಊರಲ್ಲಿ ಯಾರನ್ನು ಕೇಳಿದರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ಟಿವಿಯಲ್ಲಿ ಕ್ರಿಕೆಟ್ ಬಂತು, ಪಕ್ಕದ ಊರಿನ ಕಾಲೇಜು ಹಾಸ್ಟೆಲ್ ಕೊಟ್ಟು ಹುಡುಗರನ್ನು ಎಳೆಯಿತು, ಮ್ಯಾನೇಜ್‌ಮೆಂಟಿಗೆ ಆಸಕ್ತಿ ಹೋಯಿತು. ಎಲ್ಲ ನಿಜ. ಆದರೆ ಅವೆಲ್ಲ ಆಮೇಲೆ ಬಂದವು. ಮೊದಲು ಹೋದದ್ದು ತಾಯಂದಿರ ನಂಬಿಕೆ. ಅದನ್ನು ಮನೆ ಮನೆ ಹೊಕ್ಕು ತೆಗೆದುಕೊಂಡು ಹೋದವನು ನಾನು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ.

ನಿವೃತ್ತರಾದ ಮೇಲೆ ಮಾಸ್ಟ್ರು ಒಮ್ಮೆ ದುಬೈಗೆ ಬಂದರು. ಅವರ ಮಗಳು ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸಕ್ಕಿದ್ದಳು. ಶುಕ್ರವಾರ ಟ್ಯಾಕ್ಸಿ ಹಿಡಿದು, ವಿಳಾಸ ಕೇಳಿಕೊಂಡು, ನಮ್ಮ ಕ್ಯಾಂಪಿನ ಹಿಂದಿನ ಬಯಲಿಗೆ ಬಂದುಬಿಟ್ಟರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಎಣ್ಣೆ ಬಾಟಲಿ. ಮ್ಯಾಚು ನಡೆಯುತ್ತಿತ್ತು. ಅವರು ಲೈನಿನ ಪಕ್ಕ ನಿಂತು ಒಬ್ಬೊಬ್ಬರನ್ನೇ ನೋಡಿದರು. ಹುಡುಗರಿಗೆ ಆಗಲೇ ಮೂವತ್ತರ ಆಸುಪಾಸು.

“ಒಳ್ಳೆ ಟೀಮು. ಯಾರು ಕಟ್ಟಿದ್ದು?”

“ನಾನೇ ಸರ್.”

“ಹುಡುಗರನ್ನು ಆರಿಸಿದ್ದು?”

ನಾನು ಮ್ಯಾಚಿನ ಕಡೆ ತಿರುಗಿದೆ.

“ನಾನಲ್ವಾ?” ಎಂದು ಅವರೇ ಹೇಳಿ ಸಣ್ಣಗೆ ನಕ್ಕರು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮ್ಯಾಚು ಮುಗಿದ ಮೇಲೆ ಮರಳಿನ ಮೇಲೆ ಕುಳಿತು ಗೋಲಿಯ ಕಾಲಿಗೆ ಎಣ್ಣೆ ತಿಕ್ಕಿದರು. “ಹೊಟ್ಟೆ ಬಂದಿದೆಯಲ್ಲ ನಿನಗೆ. ಡೈವ್ ಹೊಡೆಯೋದಾ, ಉರುಳೋದಾ?” ಎಂದು ಅವನನ್ನು ನಗಿಸಿದರು.

ಹೊರಡುವಾಗ ನನ್ನನ್ನು ಬದಿಗೆ ಕರೆದು ಒಂದು ಕಂದು ಕವರು ಕೊಟ್ಟರು. ಡಿಗ್ರಿ ಅರ್ಧ ಬಿಟ್ಟವರಿಗೆ ಯೂನಿವರ್ಸಿಟಿ ಕೊನೆಯ ಒಂದು ಅವಕಾಶ ಕೊಟ್ಟಿತ್ತು. ಎಷ್ಟು ಸಲ ಆಫೀಸಿನ ಮೆಟ್ಟಿಲು ಹತ್ತಿದ್ದರೋ, ಆರು ಜನರ ಫಾರ್ಮನ್ನೂ ತಾವೇ ತುಂಬಿ ತಂದಿದ್ದರು. ಹೆಸರು, ತಂದೆಯ ಹೆಸರು, ರಿಜಿಸ್ಟರ್ ನಂಬರು, ಬಾಕಿ ಇರುವ ಪೇಪರು. ಸಹಿಗೆ ಮಾತ್ರ ಜಾಗ ಬಿಟ್ಟು, ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿದ್ದರು.

“ರಜೆ ಕೊಡಿಸುವವನು ನೀನಲ್ವಾ? ಅದಕ್ಕೆ ನಿನ್ನ ಕೈಯಲ್ಲೇ ಕೊಡ್ತಿದ್ದೇನೆ. ಹದಿನೈದು ದಿನ ಕಳಿಸು, ಸಾಕು. ಓದಿಸುವುದು ನನಗಿರಲಿ.”

“ಆಯ್ತು ಸರ್,” ಎಂದೆ.

ಪರೀಕ್ಷೆ ಏಪ್ರಿಲಿನಲ್ಲಿ. ನಮ್ಮ ಟೂರ್ನಮೆಂಟೂ ಏಪ್ರಿಲಿನಲ್ಲಿ. ಆರು ಜನರನ್ನು ಒಟ್ಟಿಗೆ ಕಳಿಸಿದರೆ ಟೀಮೇ ಇಲ್ಲ. ಟೀಮು ಸೋತರೆ ನನ್ನ ಜಾಗ ಏನಾಗುತ್ತದೋ ಎಂಬ ಹೆದರಿಕೆ. ಹೆಂಡತಿ, ಮಗ ಆಗ ಇಲ್ಲಿದ್ದರು, ಮಗ ಇಲ್ಲಿನ ಶಾಲೆಯಲ್ಲಿದ್ದ. ಕವರನ್ನು ಸೂಟ್‌ಕೇಸಿನ ತಳದಲ್ಲಿಟ್ಟೆ. ಮುಂದಿನ ವರ್ಷ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಯ ಅವಕಾಶ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು.

ಊರಿಗೆ ಹೋದ ಮೇಲೆ ಅವರು ಫೋನ್ ಮಾಡಿದರು. “ಹುಡುಗರು ಸಹಿ ಹಾಕಿದ್ರಾ? ಕಡೆಯ ದಿನ ಹತ್ತಿರ ಬಂತು.” ನಾನು ಏನೋ ನೆವ ಹೇಳಿದೆ. ಮತ್ತೆ ಮಾಡಿದರು. ಮೂರನೆಯ ಸಲ ನಾನು ಹೇಳಿಬಿಟ್ಟೆ, “ಹುಡುಗರಿಗೆ ಆಸಕ್ತಿ ಇಲ್ಲ ಸರ್.”

“ಹೌದಾ... ಒಬ್ಬನಿಗೂ ಇಲ್ಲವಾ?” ಎಂದರು. “ಇಲ್ಲ ಸರ್.” “ಆಯ್ತು ಬಿಡು,” ಎಂದು ಫೋನಿಟ್ಟರು. ಆಮೇಲೆ ಅವರು ಫೋನ್ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ತಮ್ಮ ಹುಡುಗರಲ್ಲಿ ಒಬ್ಬನಿಗೂ ಬೇಡವಾಯಿತು ಎಂದೇ ನಂಬಿಕೊಂಡು ಹೋದರು.

ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕಿದ ಆ ರಾತ್ರಿ ಸೂಟ್‌ಕೇಸ್ ತೆಗೆದೆ. ಕವರು ಹಾಗೇ ಇತ್ತು. ಭಾನುವಾರ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಗೋಲಿ ಅಲ್ಲಿ ಶಾಲಾ ಬಸ್ಸಿನ ಡ್ರೈವರ್. ಒಂದು ಕೋಣೆಯಲ್ಲಿ ನಾಲ್ವರು, ಅವನ ಮಂಚಕ್ಕೆ ಒಂದು ಪರದೆ. ನಮ್ಮ ಕಂಪೆನಿಯಲ್ಲಿದ್ದಾಗ ಅವನನ್ನು ಸ್ಟೋರ್ ಸೂಪರ್‌ವೈಸರ್ ಮಾಡಲು ಹೊರಟಿದ್ದರು. ಡಿಗ್ರಿ ಸರ್ಟಿಫಿಕೇಟ್ ಕೇಳಿದಲ್ಲಿಗೆ ಅದು ನಿಂತಿತು. ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಸಂಬಳ ಅವನಿಗೆ ಕೊನೆಗೂ ಬರಲಿಲ್ಲ. ಅವನ ಮಗಳು ಬೆಳೆದದ್ದು ಫೋನಿನಲ್ಲಿ.

“ಎಂತ ಅಣ್ಣ, ಫೋನ್ ಕೂಡ ಮಾಡದೆ? ಕೂತ್ಕೊಳ್ಳಿ, ಚಾ ಮಾಡ್ತೇನೆ,” ಎಂದು ಸಂತೋಷದಿಂದ ಎದ್ದು ಒಲೆಯ ಮೇಲೆ ನೀರಿಟ್ಟ. ನಾನು ಫಾರ್ಮನ್ನು ಅವನ ಕೈಗೆ ಕೊಟ್ಟೆ. ಎಲ್ಲ ಹೇಳಿದೆ.

ಅವನು ಓದಿದ. ಕನ್ನಡಕ ಹುಡುಕಿ ಹಾಕಿಕೊಂಡು ಇನ್ನೊಮ್ಮೆ ಓದಿದ. “ಸರ್‌ದೇ ಅಕ್ಷರ,” ಎಂದ. ಪೆನ್ಸಿಲಿನ ಗುರುತಿನ ಮೇಲೆ ಬೆರಳಿಟ್ಟು, “ಕೊನೆಯ ವರ್ಷದ ಪೇಪರು ಮಾತ್ರ ಬಾಕಿ ಇದ್ದದ್ದು ನನ್ನದು,” ಎಂದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವನು ಎದ್ದು ಹೋಗಿ ಒಲೆ ಆರಿಸಿದ. ಚಾ ಮಾಡಲಿಲ್ಲ.

“ಸರ್ ಕೇಳಿದಾಗ ನೀವು ಎಂತ ಹೇಳಿದ್ದು? ಇನ್ನೊಂದು ಸಲ ಹೇಳಿ.”

“ನಿಮಗೆ ಆಸಕ್ತಿ ಇಲ್ಲ ಅಂದೆ.”

ಅವನು ನನ್ನನ್ನು ಬೈಯಬಹುದಿತ್ತು. ಅವನ ಕೆಲಸ ಈಗ ನನ್ನ ಕೈಯಲ್ಲಿಲ್ಲ. ಫಾರ್ಮನ್ನು ಮಡಚಿಟ್ಟು, “ಉಳಿದವರದ್ದು?” ಎಂದ.

“ಬ್ಯಾಗಿನಲ್ಲಿದೆ.”

“ಪೋಸ್ಟ್ ಮಾಡ್ಬೇಡಿ. ಒಬ್ಬೊಬ್ಬರ ಕೈಗೆ ಕೊಡಿ. ನನಗೆ ಹೇಳಿದ್ದನ್ನು ಅವರಿಗೂ ಹೇಳಿ.”

ಬಸ್ ಸ್ಟ್ಯಾಂಡಿನವರೆಗೆ ಬಂದ.

ಗೋಲಿಯ ನಂತರ ಇಬ್ಬರಿಗೆ ಕೊಟ್ಟಾಯಿತು. ಒಬ್ಬ ರಾಸ್ ಅಲ್ ಖೈಮಾದಲ್ಲಿದ್ದಾನೆ, ಮುಂದಿನ ವಾರ ಹೋಗಬೇಕು. ಇನ್ನಿಬ್ಬರು ಕೆಲಸ ಬಿಟ್ಟು ಊರಿಗೆ ಹೋದವರು. ಅವರಲ್ಲಿ ಒಬ್ಬ ಈಗ ಇಲ್ಲ, ಅವನ ಹೆಂಡತಿಯ ಕೈಗೆ ಕೊಡಬೇಕು. ಊರಿಗೆ ಹೋದರೆ ಗ್ರೌಂಡಿನ ಕಡೆಯೂ ಹೋಗುತ್ತೇನೆ. ಅಲ್ಲೀಗ ಕಾಲೇಜು ಬಸ್ಸುಗಳನ್ನು ನಿಲ್ಲಿಸುತ್ತಾರಂತೆ, ಸ್ಪೋರ್ಟ್ಸ್ ರೂಮು ಜೆರಾಕ್ಸ್ ಅಂಗಡಿಯಾಗಿದೆಯಂತೆ. ಆರು ಕಡೆ ಹೇಳಿ ಮುಗಿಸಿದರೂ, ಯಾರಿಗೆ ಹೇಳಬೇಕಿತ್ತೋ ಅವರು ಅಲ್ಲಿ ಸಿಗುವುದಿಲ್ಲ.

ಮೊಮ್ಮಗಳ ಕಾಲು ನೋವು ವಾಸಿಯಾಗಿದೆ. ಎಣ್ಣೆಯ ಬಟ್ಟಲು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿದೆ. ತೊಳೆದಿಡಲೇ ಎಂದು ಸೊಸೆ ನಿನ್ನೆ ಕೇಳಿದಳು. ಸದ್ಯಕ್ಕೆ ಇರಲಿ ಎಂದೆ.